ಬ್ರಿಡ್ಜ್ ಮಾಡುವ ಮುನ್ನ ಓಮ್ ಲೆಕ್ಕ



ಕಳೆದ ತಿಂಗಳು ಸಂಘದ ಕಾರ್ಯಕ್ರಮ ಮುಗಿದು ಎಲ್ಲರೂ ಊಟಕ್ಕೆ ಹೊರಟಿದ್ದಾಗ ನಿಮ್ಮಲ್ಲೊಬ್ಬರು ನನ್ನನ್ನು ಕಾರು ನಿಲ್ಲಿಸಿದ್ದ ಕಡೆಗೆ ಕರೆದುಕೊಂಡು ಹೋಗಿ ಡಿಕ್ಕಿ ತೆರೆದು ತೋರಿಸಿದಿರಿ. ಒಳಗೆ, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕೀಳದ ನಾಲ್ಕು ಚಾನೆಲ್ಲಿನ ಆಂಪ್ಲಿಫೈಯರು. ಪಕ್ಕದಲ್ಲಿ ಹನ್ನೆರಡು ಇಂಚಿನ ಸಬ್‌ವೂಫರು. "ಅಂಕಲ್, ಹಿಂದಿನ ಎರಡು ಚಾನೆಲ್ ಬ್ರಿಡ್ಜ್ ಮಾಡಿದ್ರೆ ಪವರ್ ಡಬಲ್‌ಗಿಂತ ಜಾಸ್ತಿ ಆಗುತ್ತೆ ಅಂತ ಅಂಗಡಿಯವರು ಹೇಳಿದ್ರು. ಮಾಡಿಸಬಹುದಾ?" ಎಂದು ಕೇಳಿದಿರಿ. ಎಲೆ ಹಾಕಿ ಆಗಿತ್ತು, ಒಳಗಿನಿಂದ ಕೂಗುತ್ತಿದ್ದರು. "ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ. ಅಲ್ಲಿಯವರೆಗೆ ಒಂದು ತಂತಿಯನ್ನೂ ಸೇರಿಸಬೇಡಿ" ಎಂದು ಹೇಳಿ ಬಂದೆ. ಈ ಸಲದ ಅಂಕಣ ಪೂರ್ತಿ ಆ ಪ್ರಶ್ನೆಗೇ ಮೀಸಲು. ಕಾರಿನಲ್ಲಿ ಹಾಡು ಕೇಳುವ ಎಲ್ಲರಿಗೂ ಇದು ಸೇರಿದ್ದಾದ್ದರಿಂದ ಉಳಿದವರು ಪುಟ ತಿರುವಬೇಡಿ.

ಅಷ್ಟು ಖಡಾಖಂಡಿತವಾಗಿ ಬೇಡ ಅನ್ನಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನ ಮಗ ಇದೇ ಪ್ರಶ್ನೆ ಕೇಳಿದ್ದ. "ಮಾವ, ಬ್ರಿಡ್ಜ್ ಮಾಡಿಸಲಾ?" ಅಂದ. ನಾನು ಏನೋ ಕೆಲಸದಲ್ಲಿದ್ದೆ. "ಅಂಗಡಿಯವರಿಗೆ ಗೊತ್ತಿರುತ್ತಪ್ಪ, ಅವರು ಹೇಳಿದ ಹಾಗೆ ಮಾಡಿಸು" ಅಂದುಬಿಟ್ಟೆ. ಅಂಗಡಿಯಲ್ಲಿ "ಒಣ್ಣುಂ ಆಗಾದು ತಂಬಿ" ಎಂದು ಧೈರ್ಯ ಹೇಳಿ ಜೋಡಿಸಿಕೊಟ್ಟರು. ಹತ್ತು ದಿನ ವೇಳಚೇರಿಯಿಂದ ಕಾಲೇಜಿಗೆ ಹೋಗಿಬರುವಾಗ ಡಿಕ್ಕಿ ಗುಡುಗುತ್ತಿತ್ತು. ಆಗಾಗ ಆಂಪ್ಲಿಫೈಯರಿನ ಕೆಂಪು ದೀಪ ಹೊತ್ತಿಕೊಂಡು ಸದ್ದು ನಿಲ್ಲುತ್ತಿತ್ತು. ಕಾರು ಆರಿಸಿ ಮತ್ತೆ ಚಾಲೂ ಮಾಡಿದರೆ ಸರಿಹೋಗುತ್ತಿತ್ತು. ಎರಡು ಸಲ ಫ್ಯೂಸು ಹೋಯಿತು. ಪದೇ ಪದೇ ಹೋಗುತ್ತದೆಂದು 25 ಆಂಪಿಯರಿನ ಜಾಗಕ್ಕೆ 40ರದ್ದನ್ನು ಹಾಕಿಸಿಕೊಂಡು ಬಂದ. ದಸರಾ ರಜೆಗೆ ಎಲ್ಲರೂ ಮೈಸೂರಿಗೆ ಹೊರಟರು. ವಾಲಾಜಾ ದಾಟಿ ವೆಲ್ಲೂರು ಇನ್ನೂ ಮುಟ್ಟಿರಲಿಲ್ಲ, ಕಾರಿನೊಳಗೆ ಸುಟ್ಟ ರಬ್ಬರಿನ ವಾಸನೆ. ಆಂಪ್ಲಿಫೈಯರು ಇದ್ದದ್ದು ಮುಂದಿನ ಸೀಟಿನ ಕೆಳಗೆ, ಹಿಂದೆ ಕೂತಿದ್ದ ನನ್ನ ತಾಯಿಯ ಕಾಲ ಬುಡದಲ್ಲಿ. ಭಾವ ಬಾನೆಟ್ ಎತ್ತಿ ಸ್ಪ್ಯಾನರ್ ಹಾಕಿ ಬ್ಯಾಟರಿಯ ಕೊಂಡಿ ಕಳಚುವ ಹೊತ್ತಿಗೆ ತಂತಿಯ ಮೇಲಿನ ಹೊದಿಕೆ ಕರಗಿ ಕಾರ್ಪೆಟ್ಟಿಗೆ ಅಂಟಿಕೊಂಡಿತ್ತು. ಯಾರಿಗೂ ಏನೂ ಆಗಲಿಲ್ಲ. ಅಂಗಡಿಯವರ ತಪ್ಪು ಎಷ್ಟಿತ್ತೋ ನನ್ನ ತಪ್ಪೂ ಅಷ್ಟೇ ಇತ್ತು. ಕೇಳಿದ್ದಕ್ಕೆ ಐದು ನಿಮಿಷ ಕೂತು ಲೆಕ್ಕ ಹಾಕಿಕೊಟ್ಟಿದ್ದರೆ ಸಾಕಿತ್ತು.

ಆ ಲೆಕ್ಕವನ್ನೇ ಈಗ ಹಾಕೋಣ. ಹತ್ತನೇ ತರಗತಿಯಲ್ಲಿ ಓದಿದ ಓಮ್‌ನ ನಿಯಮ ಬಿಟ್ಟರೆ ಬೇರೇನೂ ಬೇಡ.

ಓಮ್ ಅಂದರೆ ರೋಧ, ಅಂದರೆ ಕರೆಂಟು ಹರಿಯಲು ಒಡ್ಡುವ ತಡೆ. ನಿಮ್ಮ ಅಪಾರ್ಟ್‌ಮೆಂಟಿನ ಮಾಳಿಗೆಯ ನೀರಿನ ಟ್ಯಾಂಕನ್ನು ನೆನೆಸಿಕೊಳ್ಳಿ. ಟ್ಯಾಂಕಿನ ಎತ್ತರ ವೋಲ್ಟೇಜು. ನಲ್ಲಿಯಲ್ಲಿ ಬರುವ ನೀರು ಆಂಪಿಯರು. ಪೈಪಿನ ಇಕ್ಕಟ್ಟು ಓಮ್. ಪೈಪು ಇಕ್ಕಟ್ಟಾದಷ್ಟೂ ನೀರು ಕಡಿಮೆ. ಸ್ಪೀಕರಿನ ಒಳಗಿರುವ ತಾಮ್ರದ ಸುರುಳಿಯೇ ಇಲ್ಲಿ ಪೈಪು. ಅದರ ಇಕ್ಕಟ್ಟು ಸ್ವರಕ್ಕೆ ತಕ್ಕಂತೆ ಬದಲಾಗುವುದರಿಂದ ಬರೀ ರೋಧ ಎನ್ನದೆ ಇಂಪೀಡೆನ್ಸ್ ಎನ್ನುತ್ತಾರೆ. ಸ್ಪೀಕರಿನ ಬೆನ್ನಿನ ಮೇಲೆ 4 ಓಮ್ ಎಂದು ಬರೆದಿದ್ದರೆ ಕೆಲವು ಸ್ವರಗಳಿಗೆ ಅದು ಇಪ್ಪತ್ತು ಮೂವತ್ತು ಓಮ್‌ವರೆಗೂ ಏರುತ್ತದೆ. ಆದರೆ ಲೆಕ್ಕಕ್ಕೆ ನಾವು ಹಿಡಿಯಬೇಕಾದದ್ದು ಆ ಬರೆದ ಅಂಕಿ, ಏಕೆಂದರೆ ಆಂಪ್ಲಿಫೈಯರಿಗೆ ಕಷ್ಟವಾಗುವುದು ಇಂಪೀಡೆನ್ಸ್ ಕೆಳಗಿಳಿದಾಗಲೇ.

ಎರಡು ಸ್ಪೀಕರನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಎಂಬಂತೆ ಜೋಡಿಸಿದರೆ ಅದು ಸರಣಿ, ನೀವು ಸೀರೀಸ್ ಎಂದು ಓದಿರುತ್ತೀರಿ. ಇಕ್ಕಟ್ಟಿನ ಪೈಪಿಗೆ ಇನ್ನೊಂದು ಇಕ್ಕಟ್ಟಿನ ಪೈಪು ಸೇರಿಸಿದ ಹಾಗೆ. 4 ಮತ್ತು 4 ಸೇರಿ 8. ಎರಡರ ಪ್ಲಸ್‌ಗಳನ್ನೂ ಒಟ್ಟಿಗೆ, ಮೈನಸ್‌ಗಳನ್ನೂ ಒಟ್ಟಿಗೆ ಕಟ್ಟಿದರೆ ಅದು ಸಮಾಂತರ, ಅಂದರೆ ಪ್ಯಾರಲೆಲ್. ಒಂದೇ ಟ್ಯಾಂಕಿಗೆ ಎರಡು ನಲ್ಲಿ ತೆರೆದ ಹಾಗೆ. 4 ಮತ್ತು 4 ಸೇರಿ 2. ನೀರು ಹೆಚ್ಚು ಬರುತ್ತದೆ ನಿಜ, ಆದರೆ ಕೆಳಗಿನ ಮೋಟರು ಅಷ್ಟು ನೀರನ್ನು ಮೇಲೇರಿಸಬೇಕಲ್ಲ? ಹೆಚ್ಚು ಸ್ಪೀಕರ್ ಸೇರಿಸಿದರೆ ಓಮ್ ಇಳಿಯಬಹುದು ಎಂಬ ಮಾತು ಮೊದಲ ಸಲ ಕೇಳಿದವರಿಗೆ ವಿಚಿತ್ರವಾಗಿ ಕಾಣುತ್ತದೆ. ಅರ್ಧ ಅನಾಹುತಗಳು ಆಗುವುದು ಇಲ್ಲೇ.

ಇನ್ನು ಬ್ರಿಡ್ಜ್. ಅದಕ್ಕೆ ಮೊದಲು ನಿಮಗೆ ಒಂದು ಗುಟ್ಟು ಹೇಳಬೇಕು. ಕಾರಿನ ಜೊತೆಗೇ ಬಂದ ಸ್ಟೀರಿಯೋದಲ್ಲಿ ಆಗಲೇ ನಾಲ್ಕು ಬ್ರಿಡ್ಜುಗಳಿವೆ!

ಹೇಗೆಂದು ನೋಡಿ. ಕಾರಿನ ಬ್ಯಾಟರಿ 12 ವೋಲ್ಟಿನದು. ಇಂಜಿನ್ ಓಡುವಾಗ ಸುಮಾರು 14.4 ಸಿಗುತ್ತದೆ. ಸಾಧಾರಣ ರೀತಿಯಲ್ಲಿ ಸ್ಪೀಕರಿನ ಒಂದು ತುದಿಯನ್ನು ನಿಲ್ಲಿಸಿ ಇನ್ನೊಂದು ತುದಿಯನ್ನು ಮಾತ್ರ ಮೇಲೆ ಕೆಳಗೆ ಆಡಿಸಿದರೆ ಎರಡೂ ಕಡೆಗೆ 7.2 ವೋಲ್ಟಿನಷ್ಟೇ ಆಟ. 4 ಓಮ್ ಸ್ಪೀಕರಿಗೆ ಇದು ಆರೂವರೆ ವಾಟ್ ಆಗುತ್ತದೆ, ಅದೂ ಕಾಗದದ ಮೇಲೆ. ಹಳೆಯ ಕಾರುಗಳ ಟೇಪ್ ರೆಕಾರ್ಡರುಗಳು ಏರಿಸಿದೊಡನೆ ಗೊರಗೊರ ಅನ್ನುತ್ತಿದ್ದುದು ಇದಕ್ಕೇ. ಎರಡು ತುದಿಗಳಿಗೂ ಒಂದೊಂದು ಆಂಪ್ಲಿಫೈಯರು ಕೊಟ್ಟು, ಒಂದು ಮೇಲೇರುವಾಗ ಇನ್ನೊಂದು ಕೆಳಗಿಳಿಯುವಂತೆ ಮಾಡಿದರೆ? ತಕ್ಕಡಿಯ ಹಾಗೆ. ಒಂದು ತಟ್ಟೆ ಗೇಣು ಮೇಲೆ ಹೋದರೆ ಇನ್ನೊಂದು ಗೇಣು ಕೆಳಗೆ. ಎರಡರ ನಡುವಿನ ಅಂತರ ಎರಡು ಗೇಣು. ಆಟ 14.4 ವೋಲ್ಟಿಗೆ ಏರುತ್ತದೆ. ವೋಲ್ಟೇಜು ಎರಡರಷ್ಟಾದರೆ ಕರೆಂಟೂ ಎರಡರಷ್ಟು. ವಾಟ್ ಅಂದರೆ ಇವೆರಡರ ಗುಣಲಬ್ಧವಾದ್ದರಿಂದ ನಾಲ್ಕರಷ್ಟು. ಆರೂವರೆ ಹೋಗಿ ಇಪ್ಪತ್ತಾರಕ್ಕೆ ಬಂತು. ಎರಡು ಆಂಪ್ಲಿಫೈಯರುಗಳ ನಡುವೆ ಸ್ಪೀಕರು ಅಡ್ಯಾರ್ ಸೇತುವೆಯ ಹಾಗೆ ಹರಡಿಕೊಂಡಿರುವುದರಿಂದ ಈ ಹೆಸರು. ರಿಚ್ಚಿ ಸ್ಟ್ರೀಟಿನಲ್ಲಿ ಬಿಡಿ ಭಾಗ ಕೊಂಡು ಕೈಯಾರೆ ಬೆಸುಗೆ ಹಾಕುತ್ತಿದ್ದವರಿಗೆ ಟಿಡಿಎ 2003 ಮತ್ತು 2005 ಎಂಬ ಚಿಪ್‌ಗಳು ನೆನಪಿರುತ್ತವೆ. 2003 ಒಂಟಿ ಆಂಪ್ಲಿಫೈಯರು, 2005ರ ಒಳಗೆ ಎರಡಿದ್ದು ಬ್ರಿಡ್ಜ್ ಮಾಡಲೆಂದೇ ತಯಾರಾದದ್ದು. ಎರಡೂ ಕಾರಿನ ರೇಡಿಯೋಗಾಗಿ ಹುಟ್ಟಿದ ಚಿಪ್‌ಗಳು.

ಹಾಗಾದರೆ ಸ್ಟೀರಿಯೋದ ಮುಖದ ಮೇಲೆ "50 ವಾಟ್ × 4" ಎಂದು ಬರೆದಿರುತ್ತದಲ್ಲ, ಅದು ಎಲ್ಲಿಂದ ಬಂತು? 14.4ನ್ನು 14.4ರಿಂದ ಗುಣಿಸಿ 4ರಿಂದ ಭಾಗಿಸಿ, 51.8 ಬರುತ್ತದೆ. ಅಂದರೆ ಸ್ವರವೆಲ್ಲ ಒಡೆದು ಚೌಕದ ಅಲೆಯಾಗಿ, ಕೇಳಲಾಗದ ಕರ್ಕಶ ಸದ್ದಾದಾಗ ಸಿಗುವ ವಾಟ್ ಅದು. ಶುದ್ಧವಾಗಿ ಕೇಳುವಾಗ ಸಿಗುವುದು ಇಪ್ಪತ್ತರ ಆಸುಪಾಸು. ಸುಳ್ಳೆನ್ನಲಾರೆ, ಆದರೆ ಹೆಣ್ಣು ನೋಡಲು ಹೋದಾಗ ಹುಡುಗನ ಸಂಬಳ ಹೇಳುವ ರೀತಿ ಎನ್ನಬಹುದು.

ಇದರಿಂದ ಕಲಿಯಬೇಕಾದ ಮೊದಲ ಎಚ್ಚರಿಕೆ ಇಷ್ಟು. ಕಾರಿನ ಸ್ಟೀರಿಯೋದ ಸ್ಪೀಕರ್ ತಂತಿಗಳಲ್ಲಿ ಮೈನಸ್ ಎಂದು ಗುರುತು ಮಾಡಿದ ತಂತಿ ನಿಜವಾದ ಮೈನಸ್ ಅಲ್ಲ, ಅದಕ್ಕೂ ಜೀವವಿದೆ. ಅದನ್ನು ಕಾರಿನ ಮೈಗೆ ಮುಟ್ಟಿಸಬಾರದು. ಎಡ-ಬಲಗಳ ಮೈನಸ್‌ಗಳನ್ನು ಒಂದಕ್ಕೊಂದು ಸೇರಿಸಬಾರದು. ಆಗಲೇ ಬ್ರಿಡ್ಜ್ ಆಗಿರುವ ಅದನ್ನು ಮತ್ತೆ ಬ್ರಿಡ್ಜ್ ಮಾಡಲು ಹೋಗಬಾರದು. ಹಳೆಯ ಅಂಬಾಸಿಡರ್ ಕಾಲದ ಮೆಕ್ಯಾನಿಕ್‌ಗಳಲ್ಲಿ ಕೆಲವರಿಗೆ ಒಂದು ತಂತಿ ಉಳಿಸಿ ಬಾಡಿಗೆ ಅರ್ತ್ ಕೊಡುವ ಅಭ್ಯಾಸ ಇನ್ನೂ ಇದೆ. ವಿನಯವಾಗಿ ಬೇಡ ಅನ್ನಿ.

ಡಿಕ್ಕಿಯಲ್ಲಿ ಇಡುವ ಬೇರೆ ಆಂಪ್ಲಿಫೈಯರಿನ ಕಥೆ ಸ್ವಲ್ಪ ಬೇರೆ. ಅದರ ಹೊಟ್ಟೆಯಲ್ಲಿ ಒಂದು ಪುಟ್ಟ ವಿದ್ಯುದಾಗಾರವೇ ಇರುತ್ತದೆ. ಬ್ಯಾಟರಿಯ 12 ವೋಲ್ಟನ್ನು ವೇಗವಾಗಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿನಲ್ಲಿ ಏರಿಸಿ ಪ್ಲಸ್ ಇಪ್ಪತ್ತೈದು, ಮೈನಸ್ ಇಪ್ಪತ್ತೈದು ಎಂಬಂತೆ ಮಾಡಿಕೊಳ್ಳುತ್ತದೆ. ಆದ್ದರಿಂದ ಅಲ್ಲಿ ಒಂದೊಂದು ಚಾನೆಲ್ಲೂ ಒಂಟಿಯಾಗಿಯೇ ಐವತ್ತು ಅರವತ್ತು ವಾಟ್ ಕೊಡಬಲ್ಲದು. ಎರಡನ್ನು ಬ್ರಿಡ್ಜ್ ಮಾಡುವ ಆಯ್ಕೆಯನ್ನು ತಯಾರಕರು ನಮಗೆ ಬಿಟ್ಟಿರುತ್ತಾರೆ. ಸಾಮಾನ್ಯವಾಗಿ ಒಂದು ಚಾನೆಲ್ಲಿನ ಪ್ಲಸ್ ಮತ್ತು ಇನ್ನೊಂದರ ಮೈನಸ್ ಮೇಲೆ ಗೆರೆ ಎಳೆದು ಬ್ರಿಡ್ಜ್ಡ್ ಎಂದು ಬರೆದಿರುತ್ತದೆ. ಯಾವ ಎರಡು ಸ್ಕ್ರೂಗಳು ಎಂಬುದಕ್ಕೆ ಆ ಗುರುತನ್ನೇ ನಂಬಿ, ಗೆಳೆಯನ ನೆನಪನ್ನಲ್ಲ. ಗುರುತೇ ಇಲ್ಲದಿದ್ದರೆ ಅದು ಬ್ರಿಡ್ಜ್ ಆಗುವ ಜಾತಿಯದಲ್ಲ ಎಂದು ತಿಳಿದು ಸುಮ್ಮನಿರಿ.

ಈಗ ಮುಖ್ಯ ವಿಷಯ. ತಕ್ಕಡಿಯನ್ನು ಮತ್ತೆ ನೆನೆಸಿಕೊಳ್ಳಿ. ಎರಡು ತಟ್ಟೆಗಳು ಏರಿಳಿಯುವಾಗ ದಂಡಿಗೆಯ ನಟ್ಟನಡುವಿನ ಜಾಗ ಅಲುಗುವುದಿಲ್ಲ. ಬ್ರಿಡ್ಜ್ ಮಾಡಿದ ಸ್ಪೀಕರಿನ ಸುರುಳಿಯಲ್ಲೂ ಹಾಗೆಯೇ. ಒಂದು ತುದಿ ಪ್ಲಸ್ ಕಡೆಗೆ, ಇನ್ನೊಂದು ಮೈನಸ್ ಕಡೆಗೆ ಹೋಗುತ್ತಿರುವಾಗ ಸುರುಳಿಯ ಮಧ್ಯಬಿಂದು ಸೊನ್ನೆಯಲ್ಲೇ ನಿಂತಿರುತ್ತದೆ. ಆದ್ದರಿಂದ ಒಂದೊಂದು ಚಾನೆಲ್ಲಿಗೂ ಕಾಣುವುದು ತನ್ನ ತುದಿಯಿಂದ ಆ ಮಧ್ಯಬಿಂದುವಿನವರೆಗಿನ ಅರ್ಧ ಸುರುಳಿ ಮಾತ್ರ. 4 ಓಮ್ ಸ್ಪೀಕರು ಬ್ರಿಡ್ಜ್‌ನಲ್ಲಿ ಪ್ರತಿ ಚಾನೆಲ್ಲಿಗೂ 2 ಓಮ್ ಆಗಿ ಕಾಣುತ್ತದೆ. 2 ಓಮ್ ಇದ್ದದ್ದು 1 ಓಮ್ ಆಗಿ ಕಾಣುತ್ತದೆ. ಇದಿಷ್ಟನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಅಂಕಿಗಳಲ್ಲಿ ಬೇಕಾದರೆ ನೋಡಿ. 4 ಓಮ್‌ಗೆ 50 ವಾಟ್ ಕೊಡುವ ಚಾನೆಲ್ ಎಂದಿಟ್ಟುಕೊಳ್ಳಿ. ಆಗ ಅದು ಸುಮಾರು 14 ವೋಲ್ಟ್ ಕೊಟ್ಟು ಮೂರೂವರೆ ಆಂಪಿಯರ್ ಹರಿಸುತ್ತಿರುತ್ತದೆ. ಅಂಥ ಎರಡನ್ನು 4 ಓಮ್‌ಗೆ ಬ್ರಿಡ್ಜ್ ಮಾಡಿದರೆ ಸ್ಪೀಕರಿಗೆ 28 ವೋಲ್ಟ್, ಏಳು ಆಂಪಿಯರ್, ಇನ್ನೂರು ವಾಟ್. ಆಹಾ, ಐವತ್ತು ಐವತ್ತು ಸೇರಿ ಇನ್ನೂರಾಯಿತಲ್ಲ, ಪುಕ್ಕಟೆ ನೂರು ವಾಟ್ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಪುಕ್ಕಟೆ ಅಲ್ಲ ಸ್ವಾಮಿ. ಎರಡೂ ಚಾನೆಲ್ಲುಗಳು ಮೂರೂವರೆಯ ಬದಲು ಏಳು ಆಂಪಿಯರ್ ಹೊರುತ್ತಿವೆ, ಅಂದರೆ 2 ಓಮ್ ಸ್ಪೀಕರು ಕಟ್ಟಿದಾಗ ಎಷ್ಟು ದುಡಿಯುತ್ತಿದ್ದವೋ ಅಷ್ಟೇ ದುಡಿಯುತ್ತಿವೆ. ಬ್ರಿಡ್ಜ್‌ನ ಶಕ್ತಿ ಅನ್ನುವುದು ಎರಡು ಚಾನೆಲ್ಲುಗಳು 2 ಓಮ್‌ಗೆ ಕೊಡುವ ಶಕ್ತಿಯ ಮೊತ್ತ, ಬೇರೇನಲ್ಲ. ನಿಜವಾದ ಆಂಪ್ಲಿಫೈಯರಿನಲ್ಲಿ ಒಳಗಿನ ವಿದ್ಯುದಾಗಾರ ಭಾರಕ್ಕೆ ಸ್ವಲ್ಪ ಕುಸಿಯುವುದರಿಂದ ಇನ್ನೂರರ ಬದಲು ನೂರೈವತ್ತೋ ನೂರೆಂಬತ್ತೋ ಸಿಗುತ್ತದೆ.

ಅಂಗಡಿಯಲ್ಲಿ ಪೆಟ್ಟಿಗೆ ಕೈಗೆ ಬಂದಾಗ ಈ ತಿಳಿವಳಿಕೆಯಿಂದಲೇ ಅದರ ಸತ್ಯಾಸತ್ಯ ಪರೀಕ್ಷಿಸಬಹುದು. ಕೈಪಿಡಿಯಲ್ಲಿ 4 ಓಮ್‌ಗೆ 50, 2 ಓಮ್‌ಗೆ 75, ಬ್ರಿಡ್ಜ್ 4 ಓಮ್‌ಗೆ 150 ಎಂದಿದ್ದರೆ ಲೆಕ್ಕ ಕೂಡುತ್ತದೆ: 75ರ ಎರಡರಷ್ಟು 150. ಕೂಡದಿದ್ದರೆ ಅಂಕಿಗಳನ್ನು ಯಾರೋ ಊಹಿಸಿ ಬರೆದಿದ್ದಾರೆ. ಇನ್ನೊಂದು ಪರೀಕ್ಷೆ ಫ್ಯೂಸಿನದು. ಆಂಪ್ಲಿಫೈಯರಿನ ಮೇಲಿರುವ ಫ್ಯೂಸುಗಳ ಆಂಪಿಯರ್ ಕೂಡಿಸಿ 14ರಿಂದ ಗುಣಿಸಿ. 30 ಆಂಪಿಯರ್ ಆದರೆ 420 ವಾಟ್. ಬ್ಯಾಟರಿಯಿಂದ ಅದು ಎಳೆಯಬಲ್ಲದ್ದು ಅಷ್ಟು. ಹಳೆಯ ಮಾದರಿಯ, ಕ್ಲಾಸ್ ಎಬಿ ಎನ್ನುವ ಆಂಪ್ಲಿಫೈಯರಾದರೆ ಅದರಲ್ಲಿ ಹತ್ತಿರ ಹತ್ತಿರ ಅರ್ಧ ಬಿಸಿಯಾಗಿ ಹೋಗುತ್ತದೆ. ಉಳಿದದ್ದು ಇನ್ನೂರು ಚಿಲ್ಲರೆ. ಕ್ಲಾಸ್ ಡಿ ಆದರೆ ನೂರಕ್ಕೆ ಎಂಬತ್ತು ಭಾಗ ಸದ್ದಾಗಬಹುದು. 30 ಆಂಪಿಯರ್ ಫ್ಯೂಸು ಇಟ್ಟುಕೊಂಡು ಎದೆಯ ಮೇಲೆ 2000 ವಾಟ್ ಎಂದು ಬರೆದುಕೊಂಡ ಆಂಪ್ಲಿಫೈಯರುಗಳನ್ನು ಜನರಲ್ ಪ್ಯಾಟರ್ಸ್ ರೋಡಿನ ಗಾಜಿನ ಕಪಾಟಿನಲ್ಲೂ ಕಂಡಿದ್ದೇನೆ, ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ಕಂಡಿದ್ದೇನೆ. ಕನ್ನಡ-ತಮಿಳು ಭೇದವಿಲ್ಲ.

ನನ್ನ ಸೋದರಳಿಯನ ಕಾರಿನಲ್ಲಿ ಏನಾಯಿತೆಂದು ಈಗ ನಿಮಗೇ ಹೊಳೆದಿರಬೇಕು. ಅವನ ಆಂಪ್ಲಿಫೈಯರು ಮೇಲೆ ಹೇಳಿದ 50-75-150ರದೇ. ಬ್ರಿಡ್ಜ್ ಮಾಡಿದಾಗ 4 ಓಮ್‌ಗಿಂತ ಕಡಿಮೆ ಕೊಡಬಾರದೆಂದು ಕೈಪಿಡಿಯಲ್ಲಿ ಬರೆದಿತ್ತು. ಕೈಪಿಡಿ ಪೆಟ್ಟಿಗೆಯ ತಳದಲ್ಲಿ ಬಿಚ್ಚದೆ ಬಿದ್ದಿತ್ತು. ಸಬ್‌ವೂಫರು ಎರಡು ಸುರುಳಿಯದು, ಒಂದೊಂದೂ 4 ಓಮ್. ಇಂಥದ್ದನ್ನು ಸರಣಿಯಲ್ಲಿ ಕಟ್ಟಿದರೆ 8, ಸಮಾಂತರದಲ್ಲಿ ಕಟ್ಟಿದರೆ 2. ಏನು ಮಾಡಿದರೂ 4 ಆಗುವುದಿಲ್ಲ. ಅಂಗಡಿಯವರು "ಫುಲ್ ಪವರ್" ಬರಲೆಂದು ಸಮಾಂತರದಲ್ಲಿ ಕಟ್ಟಿ 2 ಓಮ್ ಮಾಡಿ, ಅದನ್ನು ಬ್ರಿಡ್ಜ್‌ಗೆ ಕೊಟ್ಟರು. ಪ್ರತಿ ಚಾನೆಲ್ಲಿಗೂ ಕಂಡದ್ದು 1 ಓಮ್. ಏಳು ಆಂಪಿಯರ್ ಹೊರುವವನ ತಲೆಯ ಮೇಲೆ ಹದಿನಾಲ್ಕು. ಕೆಂಪು ದೀಪ ಹೊತ್ತಿ "ಆಗುವುದಿಲ್ಲ" ಎಂದು ಹೇಳಿತು, ಕೇಳಲಿಲ್ಲ. ಫ್ಯೂಸು ಪ್ರಾಣ ಬಿಟ್ಟು ಹೇಳಿತು, ಕೇಳಲಿಲ್ಲ. ದೊಡ್ಡ ಫ್ಯೂಸು ಹಾಕಿದ ಮೇಲೆ ಹೇಳುವವರೇ ಉಳಿಯಲಿಲ್ಲ. ಒಳಗಿನ ಟ್ರಾನ್ಸಿಸ್ಟರುಗಳು ಸುಟ್ಟು ಶಾರ್ಟ್ ಆದವು, ತೆಳ್ಳನೆಯ ತಂತಿ ಕಾದಿತು. ಬ್ಯಾಟರಿಯ ಹತ್ತಿರ ಇರಲೇಬೇಕಾದ ಫ್ಯೂಸನ್ನಂತೂ ಹಾಕಿಯೇ ಇರಲಿಲ್ಲ.

ಹಾಗಾದರೆ ಏನು ಮಾಡಬೇಕಿತ್ತು? ಹೊಸ ಆಂಪ್ಲಿಫೈಯರು ಕೊಂಡ ಮೇಲೆ ಅದೇ ಸಬ್‌ವೂಫರಿನ ಸುರುಳಿಗಳನ್ನು ಸರಣಿಯಲ್ಲಿ ಕಟ್ಟಿ 8 ಓಮ್ ಮಾಡಿ ಬ್ರಿಡ್ಜ್‌ಗೆ ಕೊಟ್ಟೆವು. ಚಾನೆಲ್ಲುಗಳಿಗೆ ಕಾಣುವುದು 4 ಓಮ್. ಕೈ ಇಟ್ಟರೆ ಬೆಚ್ಚಗಿರುತ್ತದೆ ಅಷ್ಟೆ. ಶಕ್ತಿ 150ರ ಬದಲು ನೂರು. ಎಷ್ಟು ಸದ್ದು ಕಡಿಮೆಯಾಯಿತು ಎಂದು ಕೇಳಿದರೆ, ಅವನಿಗೆ ಗೊತ್ತೇ ಆಗಲಿಲ್ಲ.

ಯಾಕೆಂದರೆ ನಮ್ಮ ಕಿವಿಯ ಲೆಕ್ಕವೇ ಬೇರೆ. ವಾಟ್ ಎರಡರಷ್ಟಾದರೆ ಸದ್ದು 3 ಡೆಸಿಬಲ್ ಮಾತ್ರ ಏರುತ್ತದೆ. ಗಮನವಿಟ್ಟು ಕೇಳಿದರೆ ತಿಳಿಯುವಷ್ಟು. ಕಿವಿಗೆ "ಎರಡರಷ್ಟು ಜೋರು" ಅನ್ನಿಸಬೇಕಾದರೆ 10 ಡೆಸಿಬಲ್ ಏರಬೇಕು, ಅಂದರೆ ವಾಟ್ ಹತ್ತರಷ್ಟಾಗಬೇಕು. ನೂರರಿಂದ ನೂರೈವತ್ತಕ್ಕೆ ಹೋದರೆ ಎರಡು ಡೆಸಿಬಲ್ಲೂ ಇಲ್ಲ. ಇಷ್ಟಕ್ಕಾಗಿ ಆಂಪ್ಲಿಫೈಯರನ್ನು 1 ಓಮ್‌ಗೆ ತಳ್ಳುವುದು ಜಾಣತನವಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅಜ್ಜಿ ಹೇಳುತ್ತಿದ್ದುದು ಓಮ್‌ಗೂ ಸಲ್ಲುತ್ತದೆ. ಕಿವಿಯ ವಿಷಯ ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ: 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದೆಂಬುದು ಕಾರ್ಖಾನೆಗಳಿಗಾಗಿ ಹಾಕಿದ ಒಂದು ಅಳತೆ. ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಬರುವ ಹೊತ್ತಿಗೆ ಉಳಿಯುವುದು ಕಾಲು ಗಂಟೆ. ಗಾಜು ಏರಿಸಿದ ಕಾರಿನಲ್ಲಿ ಹನ್ನೆರಡು ಇಂಚಿನ ಸಬ್‌ವೂಫರಿಗೆ 100 ಯಾವ ದೊಡ್ಡ ಮಾತೂ ಅಲ್ಲ.

ಒಂದು ಮಾತು ಬಿಟ್ಟುಹೋಗುತ್ತಿತ್ತು. ನಿಮ್ಮ ತಂದೆ ಕಾರಿಗೆ ಹತ್ತಿದೊಡನೆ ಪಿ.ಬಿ. ಶ್ರೀನಿವಾಸರ ಹಳೆಯ ಹಾಡುಗಳನ್ನು ಹಾಕಿಸುತ್ತಾರಲ್ಲ, ಆಗ ಸಬ್‌ವೂಫರನ್ನು ತಗ್ಗಿಸಿಬಿಡಿ. 1960, 70ರ ದಶಕದ ಕನ್ನಡ ಚಿತ್ರಗೀತೆಗಳಲ್ಲಿ ಬಹುಪಾಲು ಧ್ವನಿಮುದ್ರಣಗೊಂಡದ್ದು ನಮ್ಮ ಈ ಊರಿನಲ್ಲೇ, ಮೊನೋದಲ್ಲಿ. ಅವುಗಳಲ್ಲಿ ತೀರಾ ಕೆಳಗಿನ ಸ್ವರ ಬಹಳ ಇಲ್ಲ. ಬೇಸ್ ಏರಿಸಿದರೆ ಮೇಲೆ ಬರುವುದು ಹಳೆಯ ತಟ್ಟೆ ತಿರುಗುವ ಗುಂಯ್‌ಗುಟ್ಟುವಿಕೆ. ಶ್ರೀನಿವಾಸರು ತೀರಿಕೊಂಡದ್ದು 2013ರಲ್ಲಿ, ಇದೇ ಚೆನ್ನೈನಲ್ಲಿ. ಉಡುಪಿ ಕಡೆಯಿಂದ ಬಂದ ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನಲ್ಲಿ ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಸಿಕ್ಕಿಸಿಕೊಂಡು ಕೂತಿರುತ್ತಿದ್ದ ಅವರನ್ನು ನಿಮ್ಮ ಮನೆಯ ಹಿರಿಯರು ನೋಡಿರಬಹುದು. 1962ರಿಂದ 2008ರವರೆಗೆ ಕೆಥೀಡ್ರಲ್ ರೋಡಿನ ಆ ಮರಗಳ ಕೆಳಗೆ ಕಾರಿನಲ್ಲೇ ಕೂತು ದೋಸೆ ತಿನ್ನುತ್ತ ಹಾಡು ಕೇಳಿದ ಜನಕ್ಕೆ ಸಬ್‌ವೂಫರಿನ ಹಂಗು ಇರಲಿಲ್ಲ. ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಇದೆ.

ವಿಷಯಕ್ಕೆ ಬರೋಣ. ಡಿಕ್ಕಿ ತೆರೆದು ತೋರಿಸಿದ ಗೆಳೆಯರೇ, ನೀವು ಮಾಡಬೇಕಾದದ್ದು ಇದು. ಮೊದಲು ಕೈಪಿಡಿ ತೆಗೆದು ಬ್ರಿಡ್ಜ್ ಮಾಡಿದಾಗ ಕನಿಷ್ಠ ಎಷ್ಟು ಓಮ್ ಎಂದು ನೋಡಿ. ನಾಲ್ಕು ಚಾನೆಲ್ಲಿನ ಆಂಪ್ಲಿಫೈಯರುಗಳಲ್ಲಿ ಬಹುಮಟ್ಟಿಗೆ 4 ಎಂದಿರುತ್ತದೆ. ಆಮೇಲೆ ಸಬ್‌ವೂಫರಿನ ಹಿಂಬದಿ ನೋಡಿ. ಎರಡು ಸ್ಕ್ರೂ ಮಾತ್ರ ಇದ್ದರೆ ಒಂದೇ ಸುರುಳಿ, ನಾಲ್ಕಿದ್ದರೆ ಎರಡು. ಪೆಟ್ಟಿಗೆಯ ಮೇಲೆ ಕೆಲವು ತಯಾರಕರು ಡಿ2, ಡಿ4 ಎಂದು ಬರೆಯುತ್ತಾರೆ. ಡಿ2 ಅಂದರೆ ಎರಡು ಸುರುಳಿ, ಒಂದೊಂದೂ 2 ಓಮ್. ಸರಣಿಯಲ್ಲಿ ಕಟ್ಟಿದರೆ 4, ನಿಮಗೆ ಬೇಕಾದದ್ದು ಅದೇ. ಡಿ4 ಆದರೆ ಸರಣಿಯಲ್ಲಿ 8 ಮಾಡಿಕೊಂಡು ನೆಮ್ಮದಿಯಾಗಿರಿ. ಬರಹ ನಂಬದೆ ಮಲ್ಟಿಮೀಟರಿನಿಂದ ಅಳೆಯಿರಿ. ರಿಚ್ಚಿ ಸ್ಟ್ರೀಟಿನಲ್ಲಿ ಸಿಗುವ ಅತಿ ಅಗ್ಗದ ಮೀಟರೂ ಸಾಕು. ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ ಎಷ್ಟು ತೋರಿಸುತ್ತದೆಂದು ಗುರುತು ಹಾಕಿಕೊಂಡು ಅದನ್ನು ಕಳೆಯಬೇಕು. 4 ಓಮ್ ಸ್ಪೀಕರು ಮೀಟರಿನಲ್ಲಿ ಮೂರಕ್ಕಿಂತ ಸ್ವಲ್ಪ ಮೇಲೆ ತೋರಿಸುತ್ತದೆ, 8 ಓಮ್‌ನದು ಆರು ಚಿಲ್ಲರೆ. ಮೀಟರು ನೋಡುವುದು ನೇರ ಕರೆಂಟಿನ ರೋಧವನ್ನು ಮಾತ್ರವಾದ್ದರಿಂದ ಕಡಿಮೆ ಬರುವುದು ಸಹಜ. ಗಾಬರಿಯಾಗಿ ಸ್ಪೀಕರು ವಾಪಸ್ ಕೊಡಲು ಹೋಗಬೇಡಿ.

ಸರಣಿ ಕಟ್ಟುವಾಗ ಒಂದು ಸುರುಳಿಯ ಮೈನಸ್ಸಿಗೆ ಇನ್ನೊಂದರ ಪ್ಲಸ್ಸು. ತಪ್ಪಿ ಮೈನಸ್ಸಿಗೆ ಮೈನಸ್ ಸೇರಿಸಿದರೆ ಎರಡು ಸುರುಳಿಗಳು ಒಂದಕ್ಕೊಂದು ಎದುರಾಗಿ ಎಳೆದು ಸದ್ದೇ ಬರುವುದಿಲ್ಲ. "ಸಬ್‌ವೂಫರ್ ಸತ್ತಿದೆ" ಎಂದು ಅಂಗಡಿಗೆ ಹೊತ್ತುಕೊಂಡು ಹೋದವರಿದ್ದಾರೆ. ಒಂದೂವರೆ ವೋಲ್ಟಿನ ಸೆಲ್ಲನ್ನು ಒಂದು ಕ್ಷಣ ಸುರುಳಿಗೆ ಮುಟ್ಟಿಸಿ ನೋಡಿ. ಪ್ಲಸ್ಸಿಗೆ ಪ್ಲಸ್ ತಾಕಿದರೆ ಕೋನ್ ಮುಂದಕ್ಕೆ ಬರುತ್ತದೆ.

ಬ್ಯಾಟರಿಯಿಂದ ಬರುವ ತಂತಿಯ ವಿಷಯದಲ್ಲಿ ಜಿಪುಣತನ ಬೇಡ. ಇನ್ನೂರು ವಾಟ್ ಸದ್ದಿಗೆ ಕ್ಲಾಸ್ ಎಬಿ ಆಂಪ್ಲಿಫೈಯರು ನಾನೂರು ವಾಟ್ ಎಳೆದರೆ ಅದು 28 ಆಂಪಿಯರಿಗೂ ಮೇಲಾಯಿತು. ಅಗ್ಗದ ಕಿಟ್‌ಗಳಲ್ಲಿ ಬರುವ ದಪ್ಪ ತಂತಿ ಮೇಲೆ ತಾಮ್ರ, ಒಳಗೆ ಅಲ್ಯೂಮಿನಿಯಂ. ಒಂದೆಳೆಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸು ಇರಲೇಬೇಕು. ಅದು ಆಂಪ್ಲಿಫೈಯರನ್ನು ಕಾಯಲು ಅಲ್ಲ, ತಂತಿಯನ್ನು ಕಾಯಲು. ತಂತಿ ಎಲ್ಲೋ ಉಜ್ಜಿ ಕಾರಿನ ಮೈಗೆ ತಾಕಿದರೆ ಬೆಂಕಿಗೂ ನಿಮಗೂ ನಡುವೆ ಇರುವುದು ಅದೊಂದೇ. ಫ್ಯೂಸು ಹೋದರೆ ಅಷ್ಟೇ ಆಂಪಿಯರಿನದನ್ನು ಹಾಕಿ. ಮತ್ತೆ ಹೋದರೆ ಕಾರಣ ಹುಡುಕಿ.

ಚೆನ್ನೈನಲ್ಲಿ ಇನ್ನೂ ಎರಡು ಕಾಟಗಳಿವೆ. ಕಡಲ ಗಾಳಿಗೆ ತಾಮ್ರದ ಕೊಂಡಿಗಳು ಒಂದೆರಡು ವರ್ಷಕ್ಕೆ ಹಸಿರುಗಟ್ಟಿ ಸಂಪರ್ಕ ಸಡಿಲವಾಗುತ್ತದೆ, ಅಲ್ಲಿ ಬಿಸಿಯೇಳುತ್ತದೆ. ತಿರುವಾನ್ಮಿಯೂರು, ಬೆಸೆಂಟ್ ನಗರದ ಕಡೆ ಇರುವವರು ವರ್ಷಕ್ಕೊಮ್ಮೆ ಬಿಚ್ಚಿ ಉಜ್ಜಿ ಬಿಗಿ ಮಾಡುವುದು ಒಳ್ಳೆಯದು. ಎರಡನೆಯದು ನೀರು. 2015ರ ಡಿಸೆಂಬರಿನಲ್ಲಿ, ಮತ್ತೆ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಕಾರುಗಳು ಸೀಟಿನ ಮಟ್ಟಕ್ಕೆ ಮುಳುಗಿದ್ದನ್ನು ನೋಡಿದ್ದೇವೆ. ಆಂಪ್ಲಿಫೈಯರನ್ನು ಸೀಟಿನ ಕೆಳಗೆ ತುರುಕುವ ಬದಲು ಡಿಕ್ಕಿಯ ಪಕ್ಕದ ಗೋಡೆಗೋ ಹಿಂದಿನ ಸೀಟಿನ ಬೆನ್ನಿಗೋ, ಸುತ್ತ ಗಾಳಿಯಾಡುವಂತೆ, ಹಲಗೆಯ ಮೇಲೆ ಕೂಡಿಸಿ. ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಕಾರು ಆಗಲೇ ಒಲೆಯಾಗಿರುತ್ತದೆ.

ಎಲ್ಲ ಆದ ಮೇಲೆ ಆಂಪ್ಲಿಫೈಯರಿನ ಗೇನ್ ತಿರುಪು. ಅದು ವಾಲ್ಯೂಮ್ ಅಲ್ಲ. ಪೂರ್ತಿ ತಗ್ಗಿಸಿ, ಸ್ಟೀರಿಯೋವನ್ನು ಮುಕ್ಕಾಲು ಭಾಗಕ್ಕೆ ಏರಿಸಿ, ಆಮೇಲೆ ಗೇನ್ ನಿಧಾನವಾಗಿ ಹೆಚ್ಚಿಸುತ್ತ ಸ್ವರ ಒಡೆಯುವ ಮೊದಲೇ ನಿಲ್ಲಿಸಿ. ಸಬ್‌ವೂಫರಿನ ಲೋ-ಪಾಸನ್ನು 80 ಹರ್ಟ್ಸ್ ಸುಮಾರಿಗೆ ಇಡಿ. ಮುಂದಿನ ಎರಡು ಚಾನೆಲ್ಲುಗಳನ್ನು ಬ್ರಿಡ್ಜ್ ಮಾಡದೆ ಬಾಗಿಲಿನ 4 ಓಮ್ ಸ್ಪೀಕರುಗಳಿಗೆ ಒಂದೊಂದಾಗಿ ಕೊಡಿ. ಮುಂದೆಂದಾದರೂ ಸಬ್‌ವೂಫರಿಗೇ ಬೇರೆ ಆಂಪ್ಲಿಫೈಯರು ಕೊಳ್ಳುವುದಾದರೆ 1 ಅಥವಾ 2 ಓಮ್‌ಗೆಂದೇ ಮಾಡಿದ ಒಂದೇ ಚಾನೆಲ್ಲಿನ ಕ್ಲಾಸ್ ಡಿ ಸಿಗುತ್ತದೆ. ಅದರ ಮೇಲೆ ಎರಡು ಜೊತೆ ಸ್ಕ್ರೂಗಳಿದ್ದರೆ ಮೋಸಹೋಗಬೇಡಿ. ಹೆಚ್ಚಿನವುಗಳಲ್ಲಿ ಒಳಗೆ ಎರಡೂ ಒಂದೇ, ಬ್ರಿಡ್ಜ್ ಮಾಡಲು ಅಲ್ಲ.

ಮೀಟರು ಎಷ್ಟು ತೋರಿಸಿತು, ಕೈಪಿಡಿಯಲ್ಲಿ ಏನಿತ್ತು ಎರಡನ್ನೂ ಒಂದು ಕಾಗದದಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಿ, ನೋಡಿ ಹೇಳುತ್ತೇನೆ. ಕನ್ನಡದಲ್ಲಿ ಬರೆಯಲು ಕಷ್ಟವಾದರೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರೆಯಿರಿ. ಅಂಕಿಗಳನ್ನು ಮಾತ್ರ ಸರಿಯಾಗಿ ಬರೆಯಿರಿ.